ನಿಂಗಮ್ಮನ ತೊಗರಿಗೆ ನಾ ಬಿಟ್ಟ ನೀರು

ಅಲ್ಲವ್ವ, ಕೆನಾಲ್ ನೀರು ಬಂದ ಕೂಡ್ಲೇ ಬಡತನ ಓಡಿ ಹೋತು ಅಂತ ಯಾರು ಹೇಳಿದ್ರು ನಿಮಗ? ನೀರು ಬಂತು ಖರೆ, ದೇವಾಪುರ ಸುತ್ತ ಎಲ್ಲಾ ಹಸರ ಆತು ಖರೆ, ನನ್ನ ಹೊಟ್ಟ್ಯಾಗ ಮಾತ್ರ ಬೆಂಕಿ ಬಿತ್ತು. ನಗಬ್ಯಾಡ್ರಿ, ಕೇಳ್ರಿ. ನನ್ನ ಗಂಡ, ಅಂದ್ರ ನಿಮ್ಮ ಮುತ್ಯಾ, ತನ್ನ ತಮ್ಮನ ಕೂಡ ಪಾಲಾಗಿದ್ದ. ನಮ್ಮ ಹೊಲ ಮ್ಯಾಲ, ಆ ತಮ್ಮನ ಹೆಂಡ್ತಿ, ನನ್ನ ನೆಗೆಣ್ಣಿ ನಿಂಗಮ್ಮಂದು ಕೆಳಗ, ನಡುವ ಒಂದ ಬದು. ನಿಮ್ಮ ಮುತ್ಯಾ ಇದ್ದಬದ್ದ ಹೊಲ ಎಲ್ಲಾ ಗದ್ದಿ ಮಾಡಿ ಭತ್ತ ಹಚ್ಚಿಬಿಟ್ಟ. ನನಗೂ ಹಮ್ಮು ನೋಡ್ರಿ, ರೊಟ್ಟಿ ತಿನ್ನೋರು ಅನ್ನ ಉಣ್ಣೋರಾದ್ವಿ ಅಂತ. ನಿಂಗಮ್ಮ ಒಂದ್ ಪಟ್ಟಿ ಅಷ್ಟ ಭತ್ತ ಹಚ್ಚಿ, ಉಳಿದದ್ರಾಗ ಸಜ್ಜಿ, ನಡುನಡುವ ತೊಗರಿ ಸಾಲು, ಅಲಸಂದಿ, ಬದುವಿಗೆ ಪುಂಡಿ ಹಾಕಿದ್ಲು. ನಾನೇ ಅಂದೆ, “ಏನವ್ವ ನಿಂಗಮ್ಮ, ನೀರು ಬಾಗಿಲಿಗೆ ಬಂದ್ರೂ ನೀ ಇನ್ನಾ ನಿಮ್ಮಜ್ಜಿ ಕಾಲದಾಗೇ ಅದಿಯಲ್ಲ!” ಆಕಿ, “ಇರ್ಲಿ ಬಿಡಕ್ಕಾ, ನಮಗ ಇಷ್ಟ ಸಾಕು” ಅಂದ್ಲು. ಆಕಿ ದನಿನೇ ಹಂಗ, ಮೆತ್ತಗ. ಅದೂ ನನಗ ಆಗ್ತಿದ್ದಿಲ್ಲ.

ಆಮ್ಯಾಲ ಏನಾತು, ನಮ್ಮ ಮನ್ಯಾಗ ಅನ್ನ ಅದ, ಅದಕ್ಕ ಹಾಕ್ಕೊಳ್ಳಾಕ ಬ್ಯಾಳಿ ಇಲ್ಲ. ಆಕಿ ಮನ್ಯಾಗ ಇವತ್ತು ಅಲಸಂದಿ, ನಾಳಿಗಿ ಪುಂಡಿಪಲ್ಯ. ಕಳೆ ತೆಗ್ಯಾಕ ಆಳು ಕರ್ಯಾಕ ಹೋದ್ರ ಹೆಣ್ಮಕ್ಕಳು ಬರವಲ್ರು. “ನಿಂಗಮ್ಮಕ್ಕನ ಹೊಲಕ್ಕ ಹೋಗ್ತೀವಿ ಬಿಡ್ರಿ, ಸಂಜಿಮುಂದ ಉಡಿ ತುಂಬ ಕಾಯಿಪಲ್ಯ ಹರ್ಕೊಂಡು ಹೋಗ್ರಿ ಅಂತಾಳ” ಅಂತಿದ್ರು. ನನ್ನ ಗದ್ದ್ಯಾಗ ಏನು ಹರ್ಕೋಬೇಕು, ಹಸಿ ಭತ್ತನಾ? ಅದನ್ನೂ ತಡ್ಕೊಂಡೆ. ಆದ್ರ ಒಂದಿನ ನಿಮ್ಮ ಮುತ್ಯಾ ಉಣ್ಣಾಕ ಕುಂತು, “ತಮ್ಮನ ಮನ್ಯಾಗ ಪುಂಡಿಪಲ್ಯ ಏನು ಮಾಡ್ಯಾಳಲೇ ಆಕಿ, ಬೆರಳು ನೆಕ್ಕೋಬೇಕು” ಅಂದ ನೋಡ್ರಿ! ನಾ ಬಡಿಸಿದ ಅನ್ನದ ಮುಂದ ಕುಂತು! ಅವತ್ತು ಮೈಯೆಲ್ಲಾ ಉರೀತು ನನಗ.

ದೀಪಾವಳಿ ಆಗಿತ್ತು, ಅಲ್ಲಲ್ಲ, ದಸರಾ ಮುಗ್ದಿತ್ತು ಅಷ್ಟ. ಆಕಿ ಸಜ್ಜಿ ಆಗ್ಲೇ ಮನಿ ಸೇರಿತ್ತು, ತೊಗರಿ ಹೂವಾಗಾಕತ್ತಿತ್ತು. ಮಟಮಟ ಮಧ್ಯಾಹ್ನ, ಯಾರೂ ಇದ್ದಿಲ್ಲ, ಸಲಕಿ ತಗೊಂಡು ಹೋಗಿ ಬದು ಕಡದೆ. ನಮ್ಮ ಗದ್ದಿ ನೀರೆಲ್ಲಾ ಆಕಿ ತೊಗರ್ಯಾಗ ಇಳೀತು. ನಿಮ್ಮಾಣಿ, ನಿಂತು ನೋಡ್ದೆ. ತೊಗರಿಗೆ ನೀರು ನಿಂತ್ರ ಆಗಲ್ಲ, ಬೇರು ಕೊಳೀತದ. ಹಳದಿ ಆಗಿ ಒಣಗಿ ಹೋತು. ಆಕಿ ಅಳ್ತಾಳ ಅಂತ ಕಾದೆ, ದಿನಾ ಕಾದೆ. ಅಳಲಿಲ್ಲ! ಒಣಗಿದ್ದು ಕಿತ್ತು ಒಲಿಗೆ ಕಟಗಿ ಮಾಡ್ಕೊಂಡ್ಲು, ನೆಲ ಹದಕ್ಕ ಬರೋತನಕ ಸುಮ್ಮನಿದ್ದು ಗಂಡ-ಹೆಂಡ್ತಿ ಕಡ್ಲಿ ಬಿತ್ತಿದ್ರು. ಏನು ಕಡ್ಲಿ ಅಂತೀರಿ, ಮೊಣಕಾಲಮಟ! ಅದನ್ನ ನೋಡಿ ಇನ್ನಾ ಉರೀತು. ಇತ್ತ ನಮ್ಮ ಭತ್ತಕ್ಕ ಜಿಗಿಹುಳ ಬಿದ್ದು ಗದ್ದಿಗೆ ಗದ್ದಿನೇ ಸುಟ್ಟಂಗ ಆತು. ಹೊಲದಾಗ ಬ್ಯಾರೆ ಏನರ ಇದ್ರ ಅಲ್ಲೇನು, ಮನ್ಯಾಗ ಒಲಿ ಹಚ್ಚಾಕ?

ಕಡೀಗಿ ನಾನೇ ಆಕಿ ಹೊಲಕ್ಕ ಕಡ್ಲಿ ಕೀಳಾಕ ಕೂಲಿಗೆ ಹೋದೆ. ಹೌದ್ರೆವ್ವ, ಹಿರಿ ಸೊಸಿ, ಕೂಲಿಗೆ. ದಿನಪೂರಾ ತಲಿ ಎತ್ತಲಿಲ್ಲ. ಸಂಜಿಗೆ ಆಕಿ ಎಲ್ಲರ್ನೂ ಕಳಿಸಿ ನನ್ನ ಮುಂದ ಕಡ್ಲಿ ಗಿಡ ಒಂದ್ ಹೊರಿ ತಂದು ಒಗದ್ಲು. “ಇದೇನು?” ಅಂದೆ. “ನಿನ್ನ ಪಾಲಕ್ಕಾ. ಬೀಜ ನಂದು, ನೀರು ನೀ ಬಿಟ್ಟಿದ್ದು” ಅಂದ್ಲು. ಎಲ್ಲಾ ಗೊತ್ತಿತ್ತು ಆಕಿಗೆ, ಬದು ಕಡದ ದಿನದಿಂದ! ಬೈದಿದ್ರ ತಿರುಗಿ ಬೈತಿದ್ದೆ. ಬೈಲಿಲ್ಲಲ್ಲ. ಹೊತ್ಕೊಂಡು ಬಂದೆ, ಮಕ್ಕಳು ಹಸದಿದ್ರು. ಸುಳ್ಳ್ಯಾಕ ಹೇಳ್ಲಿ, ಹೊಟ್ಟಿಕಿಚ್ಚು ಇವತ್ತಿಗೂ ಪೂರಾ ಆರಿಲ್ಲ. ಆದ್ರ ಮರುವರ್ಷ ಆಕಿ ಮನಿಗಿ ಹೋಗಿ, “ತೊಗರಿ, ಅಲಸಂದಿ, ಎರಡು ಬೊಗಸಿ ಬೀಜ ಕೊಡವ್ವ” ಅಂತ ಕೇಳ್ದೆ. ನೀವೂ ಹಂಗ ಮಾಡ್ರಿ, ಮಂದಿ ಹೊಲ ನೋಡಿ ಉರಕೊಳ್ಳೋ ಬದ್ಲಿ ಬೀಜ ಕೇಳಾಕ ಹೋಗ್ರಿ. ಏಳ್ರಿ ಇನ್ನ, ರೊಟ್ಟಿ ಆರಾಕತ್ತಾವ.