ಒಗಿಯೋ ಕಲ್ಲಿನ ಹತ್ರ ನಿಂತ ಬೆಳಕು

ದೀಪ ಸಣ್ಣದು ಮಾಡ್ರಿ, ಹೇಳ್ತೀನಿ. ನಗೋರು ಈಗ ಎದ್ದು ಹೋಗ್ರಿ. ಇದು ನಮ್ಮ ದೊಡ್ಡವ್ವನ ಮಗ ಯಂಕೋಬಗ ಆದದ್ದು... ಎಂಬತ್ನಾಕನೇ ಇಸವಿಯೊಳಗ.

ಯಂಕೋಬ ಕಲ್ಲೂರು ಕಾಲುವಿ ಮ್ಯಾಲ ಗೇಟು ಎತ್ತೋ, ಇಳಿಸೋ ಕೆಲಸದಾಗಿದ್ದ. ಗೇಟಿನ ಬಾಜೂಕ ಒಂದು ಖೋಲಿ, ಅದರಾಗ ಒಬ್ಬಾತ. ಅದರ ಹಿಂದಿನ ವರ್ಷ ಹೆಂಡತಿ ಮಾನಮ್ಮ ಅರಿವಿ ಒಗಿಯಾಕ ಇಳಿದಾಕಿ ನೀರಾಗ ಹೋಗಿದ್ಲು. ಹೆಣ ಸೈತ ಸಿಗಲಿಲ್ಲ. ಅಂದಿನಿಂದ ಆತ ಯಾರ ಕೂಡನೂ ಮಾತಾಡ್ತಿರಲಿಲ್ಲ. ಸಂತಿಗಿ ಹ್ವಾದ್ರೂ ಬೆರಳು ತೋರಿಸಿ ಸಾಮಾನು ತರ್ತಿದ್ದ.

ಎದಿಯೊಳಗ ಒಂದು ಮಾತು ಕುಂತಿತ್ತು. ಗೇಟಿನ ಹತ್ರ ರೈಲು ಹಳಿ ತುಂಡು ತೂಗಬಿಟ್ಟಿದ್ರು, ಅದ ಗಂಟಿ. ನೀರು ಬಿಡೋ ಮೊದಲು ಮೂರು ಸಲ ಬಡೀಬೇಕು, ಕೆಳಗ ಅರಿವಿ ಒಗಿಯೋರು ಮ್ಯಾಲ ಬರ್ಲಿ ಅಂತ. ಆ ದಿನ ಯಂಕೋಬ ಬಡೀಲಿಲ್ಲ. ಇಷ್ಟೊತ್ತಿಗಿ ಎದ್ದು ಹೋಗಿರ್ತಾಳ ಬಿಡು ಅಂತ ಗೇಟು ಎತ್ತಿಬಿಟ್ಟ. ಊರಿಗಿ ಮಾತ್ರ ಗಂಟಿ ಬಡದೀನಿ ಅಂದ. ಗಂಟಿ ಕೇಳಿನೂ ಏಳಲಿಲ್ಲ ಅಂದ್ರ ಬೇಕಂತನ ಸತ್ತಾಳ ಅಂತ ಜನ ಆಡಿಕೊಂಡ್ರು. ಮಲ್ಲಟ ಊರಾಗ ಆಕಿ ತಾಯಿ ವೆಂಕಮ್ಮ ಒಬ್ಬಾಕಿ, ಆ ಮಾತು ಕೇಳಿ ಕೇಳಿ ಹೊರಗ ಬರೋದ ಬಿಟ್ಲು.

ಆಗ ರಾಯಚೂರಿನಿಂದ ಸತ್ತಾರ್ ಸಾಬ್ ಅಂತ ಇಂಜಿನಿಯರ್ ಬಂದ್ರು, ಕಾಲುವಿ ನೀರು ಅಳಿಯಾಕ. ಅವರ ಹಂತ್ಯಾಕ ಸಜ್ಜಿ ಕಾಳಿನಂಥ ಮಣಿ. ಗ್ಯಾಸ್ ಬತ್ತಿಗಿ ಹಿಡಿದ್ರ ಬೆಳಕು ಕುಡಿತಾವ, ಆಮ್ಯಾಲ ಕತ್ತಲಾಗ ಹಸಿರು ಹೊಳಿತಾವ. ಎಷ್ಟೊತ್ತಿಗಿ ಎಲ್ಲಿ ಮುಟ್ಟಿದ್ವು ಅನ್ನೋದರಿಂದ ನೀರಿನ ಓಟ ಗೊತ್ತಾಗ್ತದ. ನೀರು ಬೆಚ್ಚಗಿದ್ರ ಲಗೂನ ಆರ್ತಾವ, ತಣ್ಣಗಿದ್ರ ತಡ ಮಾಡ್ತಾವ. ಹೊಳಪು ಚಲೋ ಕಾಣಬೇಕಂದ್ರ ಈ ಕೆಲಸ ಅಮಾಸಿ ರಾತ್ರಿನ ಆಗಬೇಕು.

ಅಮಾಸಿ ರಾತ್ರಿ ಸಾಬ್ರು, ಯಂಕೋಬ ಇಬ್ರೂ ಆಲದ ಮರ ದಾಟಿ ಒಡ್ಡಿನ ಮ್ಯಾಲ ನಡದ್ರು. ಚಪ್ಪಲಿ ಚರ್... ಚರ್... ಕೆಳಗ ನೀರು ಗುಳುಗುಳು. ಸಾಬ್ರು ಮಣಿ ಬಿಟ್ರು. ಹಸಿರು ಚುಕ್ಕಿ ಹರಕೊಂತ ಹೋಗಿ ಒಂದೊಂದ ಆರಿದ್ವು. ಒಗಿಯೋ ಕಲ್ಲಿನ ಹತ್ರ ಮಾತ್ರ ಒಂದು ಮುಷ್ಟಿಯಷ್ಟು ನಿಂತುಬಿಟ್ವು... ನೀರು ರಭಸ ಹರಿಯಾಕತ್ತದ, ಅವು ಅಲ್ಲಾಡವಲ್ಲವು. ಆರವಲ್ಲವು.

ಸಾಬ್ರು ಗಡಿಯಾರ ನೋಡಿದ್ರು. ಐದು ನಿಮಿಷ... ಹತ್ತು... ಅರ್ಧ ತಾಸು.

"ಯಂಕೋಬಾ," ಅಂದ್ರು ಸಣ್ಣ ದನಿಲೆ, "ಅಲ್ಲೊಂದ ಕಡಿ ನೀರು ಬರ್ಫಿನಂಗ ತಣ್ಣಗ ಅದ. ಯಾಕೋ?"

ಆಗ ಗೇಟಿನ ಕಡಿಂದ... ಠಣ್.

ಅಲ್ಲಿ ಯಾರೂ ಇರಲಿಲ್ಲ.

ಠಣ್...

ಮೂರನೇದಕ್ಕ ಇಬ್ರೂ ಉಸಿರು ಹಿಡಿದು ನಿಂತ್ರು. ಬರಲಿಲ್ಲ. ಯಂಕೋಬ ನೀರಿನ ಅಂಚಿಗಿ ಹೋಗಿ ಕುಂತ.

"ಮಾನಮ್ಮಾ... ನಾ ಬಡೀಲಿಲ್ಲ. ಊರಿಗೆಲ್ಲ ಸುಳ್ಳು ಹೇಳೀನಿ."

ಹಸಿರು ಒಮ್ಮಿಗೇ ಆರಿತು.

ಯಂಕೋಬ ಸಾಬ್ರನ್ನ ಅಲ್ಲೇ ಬಿಟ್ಟು ಸೈಕಲ್ ಹತ್ತಿದ. ವೆಂಕಮ್ಮನ ಕಾಲಿಗಿ ಬಿದ್ದು ಹೆಂಗ ಹೇಳಲಿ ಅಂತ ದಾರಿ ತುಂಬ ಮಾತು ಜೋಡಿಸಿಕೊಂಡ. ಮಲ್ಲಟ ಮುಟ್ಟಿದಾಗ ಕೋಳಿ ಕೂಗಾಕತ್ತಿದ್ವು. ಮುದುಕಿ ಬಾಗಿಲು ತಗದು ಕುಂತಿದ್ಲು. ಆತ ಬಾಯಿ ತಗಿಯೋ ಮೊದಲ ಅಂದ್ಲು...

"ಗಂಟಿ ಬಡೀಲಿಲ್ಲಂತಲ್ಲಪ್ಪಾ ನೀ."

ಯಾರು ಹೇಳಿದ್ರು ಅಂತ ನನ್ನ ಕೇಳಬ್ಯಾಡ್ರಿ. ಆವಾಗ ಮಲ್ಲಟದಾಗ ಫೋನು ಎಲ್ಲಿಂದ ಬರಬೇಕು? ಯಂಕೋಬ ಆಮ್ಯಾಲ ಊರ ಕಟ್ಟಿ ಮ್ಯಾಲ ನಿಂತು ಖರೇ ಹೇಳಿದ. ಜನ ಮಾರಿಗಿ ಉಗುಳಿದ್ರು. ಉಗುಳಿಸಿಕೊಂಡ. ಮಾನಮ್ಮನ ಮ್ಯಾಲಿನ ಮಾತು ಅವತ್ತಿಗಿ ಮುಗೀತು.

ಆದ್ರ ಒಂದು ಕೇಳ್ರಿ. ಆ ನಸುಕಿನ್ಯಾಗ ವೆಂಕಮ್ಮನ ಒಲಿ ಮುಂದ ಒಂದು ತಾಟಿತ್ತು, ಉಂಡು ಎದ್ದ ತಾಟು, ಮುಟ್ಟಿದ್ರ ಬರ್ಫಿನಂಗ ತಣ್ಣಗ. ಇದ್ದಾಕಿ ಒಬ್ಬಾಕಿನ ಮುದುಕಿ, ಅಮಾಸಿಗಿ ಉಪಾಸ ಇರಾಕಿ. ಸುಳ್ಳಲ್ರೀ, ದೇವರಾಣಿ... ಆ ತಾಟು ಯಂಕೋಬನೇ ಕೈಯಾರೆ ತೊಳದಿಟ್ಟಾನ.