ಕಾಗದದ ಶೂ

ಚಿಂಗ್‌ಮಿಂಗ್ ಹಬ್ಬಕ್ಕೆ ತೀರಿಕೊಂಡವರ ಹೆಸರಿನಲ್ಲಿ ಸುಡುವ ಕಾಗದದ ಸಾಮಾನು ಕೊಳ್ಳಲು, ನಕಲಿ ಶೂಗಳಿಗೆ ಹೆಸರಾದ ಚೀನಾದ ಪುಟಿಯನ್ ಊರಿನ ಅಂಗಡಿಯೊಂದರಲ್ಲಿ ತೀರಿಕೊಂಡ ನನ್ನ ಹೆಂಡತಿಗಾಗಿ ನಿಂತಿದ್ದೆ. ಮುಂದೆ ಒಬ್ಬ ಮುದುಕಿ ಮತ್ತು ಅವಳ ಸೊಸೆ ಇದ್ದರು.

"ಅತ್ತೆ, ಈ ಶೂ ನೋಡಿ, ಹಳೇ ಮಾದರಿ. ನಿಮ್ಮ ಮಗನಿಗೆ ಇಷ್ಟವಾಗ್ತಿತ್ತು."

"ಪಕ್ಕದಲ್ಲಿ ಅದೇ ವಿದೇಶಿ ಗುರುತು! ಅಲ್ಲಿಗೂ ನಕಲೀನೇ ಕಳಿಸ್ತೀಯೇನೇ?"

"ಸುಟ್ಟ ಮೇಲೆ ಅಸಲಿ ಆಗುತ್ತೆ, ಬಿಡಿ."

"ಹದಿನೆಂಟು ವರ್ಷ ಕಾರ್ಖಾನೆಯಲ್ಲಿ ನಕಲಿ ಶೂ ಹೊಲಿದ. ಒಂದಿನ ತನ್ನದೇ ಹೆಸರಿನ ಶೂ ಮಾಡ್ತೀನಿ ಅಂತಿದ್ದ. ಕೆಮ್ಮುತ್ತಲೇ ಹೋದ."

"ಹೆಸರು ಬರೀದಿದ್ರೆ ಅವರಿಗೆ ತಲುಪಲ್ಲ. ಡಬ್ಬದ ಮೇಲೆ ಬರೀಲಾ?"

"ಬೇಡ. ಆ ಗುರುತಿನ ಮೇಲೇ ಬರಿ."

ಸೊಸೆ ದಪ್ಪಕ್ಷರದಲ್ಲಿ 'ಝೆಂಗ್ ಜಿನ್‌ಶುನ್' ಎಂದು ಗಂಡನ ಹೆಸರು ಬರೆದಳು.

"ನೋಡಿ ಅತ್ತೆ, ಈಗ ಅವರದೇ ಕಂಪನಿ."

ಮುದುಕಿ ಮಸಿ ಒಣಗುವವರೆಗೆ ಊದಿದಳು. ಆಮೇಲೆ ಶೂಗಳನ್ನು ಎದೆಗವಚಿಕೊಂಡು ಹೊರಟಳು.