ನೀಲಿ ಹಾಕದ ಅಚ್ಚು

ನಾನು, ವಯಸ್ಸು ಐವತ್ನಾಲ್ಕು, ಕಸುಬು ಕಾಲೇಜಿನ ಕಲಾಭವನದಲ್ಲಿ ಪ್ಲಾಸ್ಟರ್ ಅಚ್ಚು ತೆಗೆಯುವುದು, ವಾಸ ನೀರಿನ ಟ್ಯಾಂಕಿನ ಹಿಂದಿನ ಸಾಲಿನಲ್ಲಿ ಮೂರನೇ ಮನೆ, ಊರಿನವರೆಲ್ಲ ಅಚ್ಚಣ್ಣ ಎಂದು ಕರೆಯುವವನು, ಯಾರೂ ಹೇಳಿಕಳಿಸದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ: ಈ ತಿಂಗಳ ಹತ್ತನೇ ತಾರೀಖು ಕಲಾಭವನದ ಹಿಂದಿನ ಕೋಣೆಯಲ್ಲಿ ಪ್ರತಿಮೆ ಒಡೆದ ಬಗ್ಗೆ ತಾವು ಎರಡು ದಿನದಿಂದ ಕಾವಲುಗಾರನನ್ನು ಕರೆಸಿ ವಿಚಾರಿಸುತ್ತಿದ್ದೀರಿ. ಅವನು ಅದನ್ನು ಮುಟ್ಟಿಯೂ ಇಲ್ಲ. ಒಡೆದವನು ನಾನು.

ಆ ಪ್ರತಿಮೆ ನನ್ನ ಮಗಳದು. ನಮಗೆ ಇದ್ದವಳು ಅವಳೊಬ್ಬಳೇ. ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಳು. ಶನಿವಾರ, ಭಾನುವಾರ ಹೊರಗಿನಿಂದ ಬಂದವರಿಗೆ ಊರು ತೋರಿಸುತ್ತಿದ್ದಳು. ತೋರಿಸಲು ಇರುವುದಾದರೂ ಏನು, ಕಲಾಭವನ, ನಾಟಕಮಂದಿರ, ಹಳೇ ಮುದ್ರಣಯಂತ್ರಗಳ ಸಂಗ್ರಹಾಲಯ, ಇಷ್ಟೇ. ಮೂರೂ ಸೇರಿ ಒಂದೂವರೆ ಕಿಲೋಮೀಟರ್ ನಡಿಗೆ. ಅವಳಿಗೆ ಹುಟ್ಟಿನಿಂದ ಹೃದಯದಲ್ಲಿ ತೂತು ಇತ್ತು. ಇನ್ನೂರು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತಿತ್ತು. ಉಸಿರು ಕಟ್ಟಿದಲ್ಲೆಲ್ಲ ನಿಂತು ಯಾವುದಾದರೂ ಬಾಗಿಲು, ಯಾವುದಾದರೂ ಕಂಬ ತೋರಿಸಿ ಕಥೆ ಕಟ್ಟಿ ಹೇಳುತ್ತಿದ್ದಳು. ಈಗ ಕಾಲೇಜಿನವರು ಪ್ರವಾಸಿಗರಿಗೆಂದು ಅಚ್ಚು ಹಾಕಿಸಿರುವ ನಕ್ಷೆಯಲ್ಲಿ ಏಳು ನೋಡತಕ್ಕ ಜಾಗಗಳಿವೆ. ಅದರಲ್ಲಿ ನಾಲ್ಕು ನನ್ನ ಮಗಳು ಸುಧಾರಿಸಿಕೊಳ್ಳಲು ನಿಂತ ಜಾಗಗಳು.

ಶಿಲ್ಪದ ಮೇಷ್ಟ್ರು ವಿದ್ಯಾರ್ಥಿಗಳಿಗೆ ಕಲಿಸಲೆಂದು ಅವಳನ್ನು ಎದುರು ಕೂರಿಸಿಕೊಂಡು, ಹನ್ನೊಂದು ದಿನ ಸಂಜೆ ನಾಲ್ಕರಿಂದ ಐದರವರೆಗೆ, ಜೇಡಿಮಣ್ಣಿನಲ್ಲಿ ಅವಳ ತಲೆ ಮಾಡಿದರು. ಪಾಠ ಮುಗಿದ ಮೇಲೆ ಮಣ್ಣನ್ನು ಕಲಸಿ ತೊಟ್ಟಿಗೆ ಹಾಕುವುದು ವಾಡಿಕೆ. ಹಾಕುವ ಮೊದಲೇ ಮಗಳು ತೀರಿಕೊಂಡಳು. ಇದಾಗಿ ಐದು ತಿಂಗಳು. ಮೇಷ್ಟ್ರು ಆ ಮಣ್ಣನ್ನು ಯಾರೂ ಮುಟ್ಟಕೂಡದೆಂದರು. ಒಣಗಿದರೆ ಬಿರಿಯುತ್ತದೆಂದು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಒದ್ದೆ ಬಟ್ಟೆ ಬದಲಿಸುತ್ತಿದ್ದವನು ನಾನು. ಬಟ್ಟೆ ತೆಗೆದಾಗಲೆಲ್ಲ ಅವಳು ಈಗಷ್ಟೇ ಮುಖ ತೊಳೆದು ಬಂದ ಹಾಗೆ ಕಾಣುತ್ತಿದ್ದಳು. ನನ್ನ ಹೆಂಡತಿ ಒಂದು ದಿನವೂ ನೋಡಲು ಬರಲಿಲ್ಲ. ಮಣ್ಣಿನಲ್ಲಿ ಬೇಡ, ಗಟ್ಟಿಯಾದ ಮೇಲೆ ತೋರಿಸಿ, ಆಮೇಲೆ ಯಾರೂ ಕಿತ್ತುಕೊಳ್ಳಲಾಗದ ಹಾಗೆ ಇರುತ್ತದಲ್ಲ, ಅಂದಿದ್ದಳು.

ಎರಡು ತಿಂಗಳ ಹಿಂದೆ ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಇನ್ನು ಕಾಯುವುದು ಬೇಡ, ಪ್ಲಾಸ್ಟರಿನಲ್ಲಿ ತೆಗೆದುಬಿಡಿ, ಹದಿನೈದಕ್ಕೆ ಕಲಾಸಪ್ತಾಹ ಶುರುವಾಗುತ್ತದೆ, ಬಾಗಿಲ ಬಳಿಯೇ ಇಡೋಣ ಎಂದು ಕಲಾಭವನದ ಕಾರ್ಯದರ್ಶಿಗಳು ಹೇಳಿದರು. ಮೂವತ್ತೊಂದು ವರ್ಷದಿಂದ ಮಾಡುತ್ತಿರುವ ಕೆಲಸ, ಸರಿ ಎಂದೆ.

ಈ ಕೆಲಸದ ಕ್ರಮವನ್ನು ತಮಗೆ ಹೇಳದಿದ್ದರೆ ನನ್ನ ತಪ್ಪು ತಮಗೆ ತಿಳಿಯುವುದಿಲ್ಲ. ಮಣ್ಣಿನ ಮೇಲೆ ಮೊದಲು ತೆಳ್ಳಗೆ ಒಂದು ಪದರ ಪ್ಲಾಸ್ಟರ್ ಹಾಕಬೇಕು. ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸಬೇಕು. ಅದರ ಮೇಲೆ ಎರಡು ಬೆರಳು ದಪ್ಪ ಬಿಳಿ ಪದರ. ಗಟ್ಟಿಯಾದ ಮೇಲೆ ಹಿಂದಿನಿಂದ ಮಣ್ಣು ತೋಡಿ ತೆಗೆಯಬೇಕು. ಅಲ್ಲಿಗೆ ಮಣ್ಣಿನ ಮುಖ ಹೋಯಿತು, ಅಚ್ಚಿನ ಟೊಳ್ಳು ಮಾತ್ರ ಉಳಿಯಿತು. ಟೊಳ್ಳಿಗೆ ಸೋಪಿನ ನೀರು ಸವರಿ ಬಿಳಿ ಪ್ಲಾಸ್ಟರ್ ಸುರಿದು, ಕೊನೆಗೆ ಹೊರಗಿನ ಅಚ್ಚನ್ನು ಉಳಿಯಿಂದ ಒಡೆದು ತೆಗೆಯಬೇಕು. ಒಡೆಯುವಾಗ ನೀಲಿ ಕಂಡರೆ, ಮುಖ ಹತ್ತಿರ ಬಂತು, ಕೈ ಹಗುರ ಮಾಡು ಎಂದರ್ಥ. ವರ್ಷಾ ವರ್ಷಾ ಹುಡುಗರಿಗೆ ಇದನ್ನು ಹೇಳಿದ್ದೇನೆ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನೀಲಿ ಮರೆತವನ ಕಿವಿ ಹಿಂಡಿದ್ದೂ ಉಂಟು.

ಆರನೇ ತಾರೀಖು ಬೆಳಿಗ್ಗೆ ಹತ್ತೂಕಾಲಿಗೆ ನಾನು ಮೊದಲ ಪದರಕ್ಕೆ ನೀಲಿ ಕಲಸಿಟ್ಟುಕೊಂಡು ಮಗಳ ಮುಖದ ಮುಂದೆ ನಿಂತೆ. ಮರೆತಿರಲಿಲ್ಲ. ಬಟ್ಟಲು ಎಡಗೈಯಲ್ಲೇ ಇತ್ತು. ಹತ್ತೊಂಬತ್ತು ವರ್ಷ ನಾನೂ ನನ್ನ ಹೆಂಡತಿಯೂ ಆ ಮಗುವಿನ ತುಟಿ ನೀಲಿಯಾಯಿತೇ ಎಂದು ನೋಡುತ್ತ ಬದುಕಿದವರು. ಊಟಕ್ಕೆ ಕೂತಾಗ ನೋಡುತ್ತಿದ್ದೆವು, ನಿದ್ದೆಯಲ್ಲೂ ದೀಪ ಹಾಕಿ ನೋಡುತ್ತಿದ್ದೆವು. ಕೊನೆಯ ದಿನ ಆಸ್ಪತ್ರೆಯಲ್ಲಿ ತುಟಿಯಿಂದ ಶುರುವಾಗಿ ಇಡೀ ಮುಖ ಆ ಬಣ್ಣವಾಯಿತು. ನನ್ನ ಕೈಯಿಂದ ಆ ಬಣ್ಣವನ್ನು ಅವಳ ಮುಖಕ್ಕೆ ಬಳಿಯಲು ನನಗೆ ಆಗಲಿಲ್ಲ. ಬಟ್ಟಲನ್ನು ಮೋರಿಗೆ ಸುರಿದೆ. ಬರೀ ಬಿಳಿ ಕಲಸಿ ಹಾಕಿದೆ. ಇಷ್ಟು ವರ್ಷದ ಕೈಗೆ ಬಣ್ಣ ಯಾಕೆ ಬೇಕು, ಕೈಗೇ ತಿಳಿಯುತ್ತದೆ ಅಂದುಕೊಂಡೆ. ಅಹಂಕಾರ ಸ್ವಾಮಿ, ಇನ್ನೇನಲ್ಲ.

ಎಂಟನೇ ತಾರೀಖು ಮಣ್ಣು ತೆಗೆದು ಪ್ಲಾಸ್ಟರ್ ಸುರಿದೆ. ಹತ್ತನೇ ತಾರೀಖು ಮಧ್ಯಾಹ್ನ ಎರಡೂವರೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ಅಚ್ಚು ಒಡೆಯಲು ಕೂತೆ. ಐದೂವರೆಗೆ ಹೆಂಡತಿ ನೋಡಲು ಬರುವವಳಿದ್ದಳು. ತಲೆಯ ಹಿಂಭಾಗ, ಕಿವಿ, ಗಲ್ಲ ಚೆನ್ನಾಗಿಯೇ ಬಿಟ್ಟುಕೊಂಡವು. ನಾಲ್ಕೂ ಹತ್ತಕ್ಕೆ ಮುಖಕ್ಕೆ ಬಂದೆ. ಬಿಳಿಯ ಮೇಲೆ ಬಿಳಿ. ಇನ್ನೂ ಒಂದು ಪದರ ಇದೆ ಅಂತ ಉಳಿ ಇಟ್ಟು ಹೊಡೆದೆ. ಒಂದು ಚೂರು ಎಗರಿ ಮಡಿಲಿಗೆ ಬಿತ್ತು. ಇನ್ನೂ ಇದೆ ಅಂತ ಮತ್ತೆ ಎರಡು ಏಟು ಹಾಕಿದೆ. ಆಮೇಲೆ ಮಡಿಲಿನ ಚೂರನ್ನು ತಿರುಗಿಸಿ ನೋಡಿದರೆ ಅದರ ಮೇಲೆ ಸಣ್ಣ ಗಾಯದ ಗುರುತು ಇತ್ತು. ನಾಲ್ಕು ವರ್ಷದವಳಿದ್ದಾಗ ಬಾಗಿಲಿಗೆ ಬಡಿದು ಮೂಗಿನ ಎಡಕ್ಕೆ ಆದ ಗಾಯ ಅದು. ಎದುರಿಗೆ ಮೂಗೂ ಇಲ್ಲ, ಮೇಲ್ತುಟಿಯೂ ಇಲ್ಲ, ಎಡಗಣ್ಣಿನ ರೆಪ್ಪೆಯೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಣ್ಣು ಹೋಗಿತ್ತು, ಅಚ್ಚು ಹೋಗಿತ್ತು, ಮೇಷ್ಟ್ರ ಕೈಯೂ ಹೋಗಿತ್ತು. ಇನ್ನೊಂದು ಸಲ ಅನ್ನುವುದೇ ಇರಲಿಲ್ಲ.

ಸುಮಾರು ಮುಕ್ಕಾಲು ಗಂಟೆ ಹಾಗೇ ಕೂತಿದ್ದೆ. ಐದಕ್ಕೆ ಎದ್ದು, ಹೊರಗಿನವರು ಯಾರೋ ನುಗ್ಗಿದ ಹಾಗೆ ಕಾಣಲೆಂದು ಹಿಂದಿನ ಕಿಟಕಿ ತೆರೆದೆ. ಪ್ರತಿಮೆಯನ್ನು ಪೀಠದಿಂದ ನೆಲಕ್ಕೆ ದೂಡಿದೆ. ಬಾಗಿಲಿಗೆ ಬೀಗ ಹಾಕಿ, ಐದೂಕಾಲಿಗೆ ಗೇಟಿನ ಹತ್ತಿರ ಹೋಗಿ ಹೆಂಡತಿಗಾಗಿ ನಿಂತೆ. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಇಬ್ಬರೂ ಒಳಗೆ ಹೋದೆವು. ಅವಳು ನೆಲದಲ್ಲೇ ಕೂತು ಚೂರುಗಳನ್ನು ಸೆರಗಿಗೆ ಆಯ್ದುಕೊಂಡಳು. ಯಾರು ಎಂದು ಕೇಳಿದಳು. ನಾನು ಕಿಟಕಿ ತೋರಿಸಿದೆ. ಆ ಕೋಣೆಯ ಇನ್ನೊಂದು ಕೀಲಿ ಇರುವುದು ಕಾವಲುಗಾರನ ಹತ್ತಿರ, ಕಿಟಕಿ ಹಾಕಿದೆಯೇ ಎಂದು ನೋಡಬೇಕಾದವನೂ ಅವನೇ. ಅವಳು ನೇರ ಗೇಟಿಗೆ ಹೋಗಿ ನಾಲ್ಕು ಜನರೆದುರು ಅವನಿಗೆ, "ಒಂದ್ಸಲ ಸತ್ತಿದ್ದು ಸಾಲ್ದೇನಪ್ಪ ನನ್ನ ಮಗಳು?" ಅಂದಳು. ಕಾರ್ಯದರ್ಶಿಗಳು ಆರೂವರೆಗೆ ದೂರು ಕೊಟ್ಟರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಈ ದಿನ ಬೆಳಿಗ್ಗೆ ಆರೂವರೆಗೆ ಕಾವಲುಗಾರ ನಮ್ಮ ಮನೆಯ ಹತ್ತಿರ ಬಂದ. ನನ್ನ ಮಗಳು ಊರು ಸುತ್ತಿ ಬಂದಾಗ ಕೂರಲೆಂದು ಗೇಟಿನಲ್ಲಿ ತನ್ನ ಕುರ್ಚಿ ಬಿಟ್ಟು ನಿಲ್ಲುತ್ತಿದ್ದ ಮನುಷ್ಯ ಅವನು. ಒಳಗೆ ಬಾ ಎಂದರೆ ಬರಲಿಲ್ಲ. ಠಾಣೆಯಲ್ಲಿ ಎರಡು ದಿನ ಒಂದೇ ಪ್ರಶ್ನೆ ಕೇಳಿದ್ದಾರೆಂದು ಹೇಳಿದ. ಆಮೇಲೆ ಅವನು ಹೇಳಿದ್ದು ಇಷ್ಟು: "ಅಣ್ಣ, ಯೋಚ್ನೆ ಮಾಡ್ತಾ ಮಾಡ್ತಾ ನಂಗೂ ಹಂಗೇ ಅನ್ಸ್ತಿದೆ. ಕಿಟಕಿ ಹಾಕೋದು ನಾನೇ ಮರ್ತಿರ್ಬೇಕು. ಒಪ್ಕೊಂಡ್ಬಿಡ್ತೀನಿ. ಅತ್ತಿಗೆಗೆ ನೀವೇ ಒಂಚೂರು ಹೇಳಿ, ಬೇಕು ಅಂತ ಮಾಡಿಲ್ಲ ಅಂತ." ಮಾಡದ ತಪ್ಪಿಗೆ ಅವನು ನನ್ನ ಮುಂದೆ ಕೈ ಮುಗಿದ. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಹನ್ನೊಂದೂ ಐದಕ್ಕೆ ಇಲ್ಲಿಗೆ ಬಂದೆ.

ಬರೆದದ್ದನ್ನು ಓದಿ ಹೇಳಬೇಕಾದ್ದು ನಿಯಮವೆಂದು ತಾವು ತಿಳಿಸಿದಿರಿ. ಕಾವಲುಗಾರನ ವಿರುದ್ಧ ಹೇಳಿಕೆ ಕೊಡಲು ನನ್ನ ಹೆಂಡತಿ ಬಂದಿದ್ದಾಳೆ. ಈ ಕೋಣೆಯ ಹೊರಗೆ, ಬಾಗಿಲಿನಿಂದ ನಾಲ್ಕು ಅಡಿ ದೂರದ ಬೆಂಚಿನಲ್ಲಿ ಕೂತಿದ್ದಾಳೆ. ಬಾಗಿಲಿಗೆ ಇರುವುದು ಪರದೆ ಮಾತ್ರ. ಮೆಲ್ಲಗೆ ಓದಿ ಎಂದು ಮೊದಲು ಕೇಳಿಕೊಂಡೆ. ಆಮೇಲೆ ಬೇಡ, ಜೋರಾಗಿಯೇ ಓದಿ ಎಂದೆ, ಏಕೆಂದರೆ ನನ್ನ ಬಾಯಿಂದ ಇದನ್ನು ಅವಳಿಗೆ ಹೇಳಲು ಈ ಜನ್ಮದಲ್ಲಿ ಆಗುವುದಿಲ್ಲ.

ಇಲ್ಲಿ ಬರೆದಿರುವುದು ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ. ಓದಿದ್ದನ್ನು ನಾನು ಕೇಳಿದ್ದೇನೆ. ಹೊರಗೆ ಕೂತವಳೂ ಕೇಳಿದ್ದಾಳೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ ಹನ್ನೆರಡು, ಮಧ್ಯಾಹ್ನ 12.40
ಸಹಿ: (ಹೇಳಿಕೆ ಕೊಟ್ಟವನದು)